ಮರಳಿ ತೂಗುವ ಮಾತುಗಳು

ನಮ್ಮ ಸಭೆಗಳಲ್ಲಿಯೂ ಲೇಖನಗಳಲ್ಲಿಯೂ ‘ಮರುಮೌಲ್ಯಮಾಪನ’ವೆಂಬ ಶಬ್ದವು ಬಹಳವಾಗಿ ಕೇಳಿಬರುತ್ತಿದೆ. ವಚನಗಳನ್ನು ಪುನರ್ವಿಮರ್ಶಿಸಬೇಕೆಂದು ಒಬ್ಬರು ಹೇಳಿದರೆ, ಅದನ್ನೇ ಮರುಪರಿಶೀಲನೆಯೆಂದು ಮತ್ತೊಬ್ಬರು, ಪರಿಷ್ಕರಣೆಯೆಂದು ಇನ್ನೊಬ್ಬರು ಕರೆಯುತ್ತಾರೆ. ಇವೆಲ್ಲ ಏಕಾರ್ಥದ ಮಾತುಗಳೆಂಬ ಭಾವನೆಯು ಭಾಷೆಗೂ ವಿಚಾರಕ್ಕೂ ಹಾನಿಕರವಾದುದು.

ಹುಮನಾಬಾದಿನ ಪೇಟೆಗೆ ತೊಗರಿ ತಂದ ರೈತನು ಮರುತೂಕ ಕೇಳಿದರೆ ಅವನ ಸಂಶಯವು ತಕ್ಕಡಿಯ ಮೇಲೆ. ಬೆಲೆಯನ್ನೇ ಮತ್ತೆ ಕಟ್ಟಿರೆಂದರೆ ಅವನ ಸಂಶಯವು ವರ್ತಕನ ನಿರ್ಣಯದ ಮೇಲೆ. ಪರೀಕ್ಷೆ ಬರೆದ ವಿದ್ಯಾರ್ಥಿಗೆ ಅಂಕಗಳ ಮರುಎಣಿಕೆಯೇ ಬೇರೆ, ಉತ್ತರಪತ್ರಿಕೆಯ ಮರುಮೌಲ್ಯಮಾಪನವೇ ಬೇರೆ. ಇವರು ಬಲ್ಲ ಭೇದವನ್ನು ವಿದ್ವಾಂಸರು ಮರೆಯುವುದು ತರವಲ್ಲ.

ಈ ವಿವೇಕವು ಬಸವಕಲ್ಯಾಣದ ನೆಲಕ್ಕೆ ಹೊಸದೇನೂ ಅಲ್ಲ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಇದೇ ಕಲ್ಯಾಣದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ತಪ್ಪಾಗಿ ತೀರ್ಮಾನವಾದ ವ್ಯಾಜ್ಯವನ್ನು ಸ್ಮೃತಿಯು ‘ದುರ್ದೃಷ್ಟ’, ಎಂದರೆ ಸರಿಯಾಗಿ ನೋಡದುದು, ಎಂದು ಕರೆಯುತ್ತದೆ. ಅಂಥದನ್ನು ರಾಜನು ಪುನಃ ನೋಡಬೇಕು. ದೋಷವು ಸಿದ್ಧವಾದರೆ ಗೆದ್ದವನಿಗೂ ತೀರ್ಪಿತ್ತ ಸಭ್ಯರಿಗೂ ದಂಡ. ಅದರ ಬೆನ್ನಿಗೇ ಇನ್ನೊಂದು ವಿಧಿಯಿದೆ: ನ್ಯಾಯವಾಗಿ ಸೋತವನು ‘ನಾನು ಸೋತಿಲ್ಲ’ವೆಂದು ಮರಳಿ ಬಂದರೆ ಅವನನ್ನು ಮತ್ತೆ ಸೋಲಿಸಿ ಇಮ್ಮಡಿ ದಂಡ ವಿಧಿಸಬೇಕು. ಬಲಾತ್ಕಾರ ವಂಚನೆಗಳಿಂದಾದ ವ್ಯವಹಾರಕ್ಕಾದರೋ ‘ನಿವರ್ತನ’, ಅಂದರೆ ರದ್ದತಿ. ಪುನಃ ನೋಡುವುದೇ ಬೇರೆ, ರದ್ದುಗೊಳಿಸುವುದೇ ಬೇರೆ. ಎರಡನೆಯ ನೋಟಕ್ಕೆ ಎರಡು ಕಡೆಯೂ ಹೊಣೆಯುಂಟು. ಸ್ಮೃತಿಯ ವರ್ಣಭೇದವನ್ನು ಶರಣರು ತಿರಸ್ಕರಿಸಿದರು, ಅದು ಸರಿ. ಆದರೆ ಈ ಹೊಣೆಗಾರಿಕೆಯು ನಮಗೂ ಗ್ರಾಹ್ಯ.

ನಮ್ಮ ಸಾಹಿತ್ಯಕ್ಕೆ ಬನ್ನಿರಿ. ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆಯಲ್ಲಿ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯ ಪ್ರಸಂಗವಿಲ್ಲ. ಮುಂದಿನ ಶೂನ್ಯಸಂಪಾದನೆಗಳಲ್ಲಿ ಅದು ಬಂದಿತು. ಹಲಗೆಯಾರ್ಯನೂ ಗುಮ್ಮಳಾಪುರದ ಸಿದ್ಧಲಿಂಗರೂ ಗೂಳೂರ ಸಿದ್ಧವೀರಣ್ಣೊಡೆಯರೂ ಆ ಕೃತಿಯನ್ನು ಮತ್ತೆ ರೂಪಿಸಿದರು. ದೀಕ್ಷೆಯ ಪ್ರಶ್ನೆಯಲ್ಲಿ ನಡೆದುದು ಬರಿಯ ಪರಿಷ್ಕರಣೆಯಲ್ಲ, ತತ್ತ್ವದ ಪುನರ್ನಿರ್ಣಯ. ಇದಕ್ಕೆ ಪ್ರತಿಯಾಗಿ, ಫ.ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ‘ವಚನಶಾಸ್ತ್ರಸಾರ’ದಿಂದ 1993ರ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದವರೆಗೆ ಪಾಠಗಳನ್ನು ಹೋಲಿಸಿ ತಿದ್ದಿದುದು ಪರಿಷ್ಕರಣೆ. ಓಲೆಯ ಅಕ್ಷರದೋಷವನ್ನು ತಿದ್ದಿದವನು ಶರಣರನ್ನು ತಿದ್ದಿದನೆಂದು ಕೋಪಿಸಿಕೊಳ್ಳುವ ಭಕ್ತನೂ, ನಾಲ್ಕು ಪಾಠಾಂತರ ತೋರಿಸಿ ಶರಣತತ್ತ್ವವನ್ನೇ ಮರುಮೌಲ್ಯಮಾಪನ ಮಾಡಿದೆನೆಂದು ಬೀಗುವ ಪಂಡಿತನೂ ಒಂದೇ ತಪ್ಪನ್ನು ಮಾಡುತ್ತಾರೆ.

ನಮ್ಮ ದರ್ಶನದಲ್ಲಿ ‘ವಿಮರ್ಶ’ವೆಂಬುದು ಶಿವನ ಶಕ್ತಿಗೇ ಹೆಸರು. ಆದುದರಿಂದ ಪುನರ್ವಿಮರ್ಶೆಗೆ ಭಕ್ತನು ಅಂಜಬೇಕಾಗಿಲ್ಲ. ವಿಮರ್ಶಕನು ಅದನ್ನು ಹಗುರವಾಗಿ ಆಡಲೂ ಕೂಡದು. ಇನ್ನು ಮುಂದೆ ಯಾರಾದರೂ ಮರುಮೌಲ್ಯಮಾಪನ ಬೇಕೆಂದರೆ ಮೂರು ಮಾತು ಕೇಳಿರಿ: ಮೊದಲು ಕಟ್ಟಿದ ಬೆಲೆ ಯಾವುದು? ಅದರಲ್ಲಿ ಕಂಡ ದೋಷವೇನು? ಈಗ ಹಿಡಿದ ಅಳತೆಗೋಲು ಯಾವುದು? ಉತ್ತರ ದೊರೆತರೆ ಅವರೊಡನೆ ಕುಳಿತು ಮರಳಿ ತೂಗುವುದು ನಮ್ಮೆಲ್ಲರ ಕರ್ತವ್ಯ.