ಕೈಜಾರಿದ ಲೋಟದ ವ್ಯಾಕರಣ

ಆಂಟಿಗ್ವಾಕ್ಕೆ ಹೋದ ಮೂರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಗಾಜಿನ ಲೋಟವೊಂದು ನನ್ನ ಕೈಜಾರಿ ಚೂರಾಯಿತು. ಗಾಬರಿಯಲ್ಲಿ ಪುಸ್ತಕದ ಸ್ಪ್ಯಾನಿಷ್‌ನಲ್ಲೇ ತಪ್ಪೊಪ್ಪಿಕೊಂಡೆ: 'ರೊಂಪಿ ಎಲ್ ಬಾಸೊ.' ನಾನು ಲೋಟ ಒಡೆದೆ. ಮನೆಯೊಡತಿ ಪೊರಕೆ ತಂದು ಚೂರು ಗುಡಿಸುತ್ತಲೇ ತಿದ್ದಿದರು. 'ಹಾಗನ್ನಬಾರದು. ಸೆ ಮೆ ಕಯೊ.' ಅದಾಗಿ ಅದೇ ಬಿತ್ತು, ಬಿದ್ದದ್ದು ಮಾತ್ರ ನನ್ನ ಪಾಲಿಗೆ. ಬೇಕೆಂದು ಒಡೆದವರು ಮಾತ್ರ 'ಒಡೆದೆ' ಅನ್ನಬೇಕಂತೆ.

ಗ್ವಾಟೆಮಾಲಾದ ಹಳೆಯ ರಾಜಧಾನಿ ಈ ಆಂಟಿಗ್ವಾ. 1773ರ ಭೂಕಂಪದಲ್ಲಿ ನೆಲಕಚ್ಚಿತು, ರಾಜಧಾನಿ ಬೇರೆ ಕಡೆ ಹೋಯಿತು, ಮುರಿದ ಚರ್ಚುಗಳು ಉಳಿದುಕೊಂಡವು. ಈಗ ಊರಿನ ಕಸುಬುಗಳಲ್ಲಿ ಒಂದು, ಪರದೇಶದವರಿಗೆ ಸ್ಪ್ಯಾನಿಷ್ ಕಲಿಸುವುದು. ಬೆಳಿಗ್ಗೆ ನಾಲ್ಕು ಗಂಟೆಗಳ ಕಾಲ ಅಂಗಳದ ನೆರಳಲ್ಲಿ ಪಾಠ, ಒಬ್ಬ ಶಿಷ್ಯನಿಗೆ ಒಬ್ಬ ಗುರು. ಉಳಿದ ಹೊತ್ತೆಲ್ಲ ಶಾಲೆಯವರು ಗೊತ್ತುಮಾಡಿದ ಮನೆಯಲ್ಲಿ. ಮೂರು ಹೊತ್ತಿನ ಊಟ, ಭಾನುವಾರ ರಜೆ. ಗುರುಗಳ ಬಗ್ಗೆ ನನಗೆ ಗೌರವವಿದೆ; ಆದರೆ ನನ್ನ ಬಾಯಿಗೆ ಭಾಷೆ ಹತ್ತಿದ್ದು ಊಟದ ಮೇಜಿನಲ್ಲಿ.

ಆ 'ಸೆ ಮೆ' ಎಂಬ ಎರಡಕ್ಷರವನ್ನು ನಾನು ದಿನಗಟ್ಟಲೆ ಚಪ್ಪರಿಸಿದೆ. 'ಸೆ ಮೆ ಒಲ್ವಿದೊ' ಅಂದರೆ ನನಗೆ ಮರೆತುಹೋಯಿತು. ಎಷ್ಟು ಸಲೀಸು! ಜೊತೆಗೆ ಕಲಿಯುತ್ತಿದ್ದ ಅಮೆರಿಕದ ಹುಡುಗ 'ಮೆ ಗುಸ್ತಾ ಎಲ್ ಕಫೆ' ಎಂಬ ವಾಕ್ಯದಲ್ಲಿ ಕರ್ತೃ ಯಾರೆಂದು ಹಣೆ ಉಜ್ಜಿಕೊಳ್ಳುತ್ತಿದ್ದ. ಕಾಫಿಯನ್ನು ತಾನು ಇಷ್ಟಪಡಬೇಕೇ ಹೊರತು, ಕಾಫಿ ತನಗೆ ಇಷ್ಟವಾಗುವುದು ಹೇಗೆ? ನಾನು ಸುಮ್ಮನೆ ನಕ್ಕೆ. ನನಗೆ ಕಾಫಿ ಇಷ್ಟ, ನನಗೆ ತಲೆನೋವು, ನನಗೆ ಗೊತ್ತಿಲ್ಲ: ಹುಟ್ಟಿದಾಗಿನಿಂದ ಚತುರ್ಥಿಯಲ್ಲೇ ಬದುಕಿದವನು ನಾನು. ಬೇಕುಬೇಡಗಳೆಲ್ಲ ನಮ್ಮ ಬಳಿಗೆ ಬರುತ್ತವೆ, ನಾವು ಅವುಗಳ ಬಳಿಗೆ ಹೋಗುವುದಿಲ್ಲ.

ಇನ್ನೊಂದು ಸುಖ ಅಕ್ಷರಗಳದ್ದು. ವರ್ಣಮಾಲೆಯಲ್ಲಿ ಞ ಎಂಬ ಅಕ್ಷರವನ್ನು ತಿದ್ದಿ ತಿದ್ದಿ ಕಲಿತೆವಲ್ಲ, ಆಮೇಲೆ ಅದು ಒಂಟಿಯಾಗಿ ಎಲ್ಲಾದರೂ ಸಿಕ್ಕಿತೇ? ಇಲ್ಲಿ ಬೆಳಗಾದರೆ 'ಮಞಾನಾ', ಮಗುವಾದರೆ 'ನಿಞೊ', ಅನಾನಸ್ಸು 'ಪಿಞಾ'. ಹಿರಿಯ ಹೆಂಗಸರ ಹೆಸರಿಗೆ ನಾವು ಕೊನೆಯಲ್ಲಿ 'ಅಮ್ಮ' ಸೇರಿಸುವಂತೆ ಇವರು ಮೊದಲಿಗೆ 'ದೋಞಾ' ಸೇರಿಸುತ್ತಾರೆ. ಹಳಗನ್ನಡದ ಕಳೆದುಹೋದ ಶಕಟರೇಫವೂ ಇಲ್ಲಿ ಜೀವಂತವಾಗಿದೆ ಅನ್ನಿಸಿತು. ಕರೆದರೆ ಕೂಗಿದ ಹಾಗೆ, ಕಱೆದರೆ ಹಾಲು ಹಿಂಡಿದ ಹಾಗೆ ಎಂಬ ಭೇದ ನಮ್ಮ ಹಿಂದಿನವರಿಗಿತ್ತು. ಇವರಲ್ಲಿ 'ಪೆರೊ' ಅಂದರೆ ಆದರೆ, 'ಪೆಱೊ' ಅಂದರೆ ನಾಯಿ. ನಾನು ಎರಡು ವಾರ 'ಕಾಫಿ ಕೊಡಿ, ನಾಯಿ ಸಕ್ಕರೆ ಬೇಡ' ಎಂದು ಕೇಳಿದೆ. ಸಕ್ಕರೆಯಿಲ್ಲದ ಕಾಫಿಯೇ ಬಂತು.

ಟೊರ್ಟಿಯಾ ಬೀದಿಯಾಚೆಯ ಅಂಗಡಿಯಿಂದ ಬರುತ್ತಿತ್ತು. ಮೂವರು ಹೆಂಗಸರು ಬಿಸಿ ಹಂಚಿನ ಸುತ್ತ ನಿಂತು ಮೆಕ್ಕೆಜೋಳದ ಹಿಟ್ಟಿನುಂಡೆಯನ್ನು ಅಂಗೈಯಿಂದ ಅಂಗೈಗೆ ತಟ್ಟುತ್ತಿದ್ದರು. ಆ ಚಪ್ಪಾಳೆ ಕೇಳಿದರೆ ಧಾರವಾಡದ ಕಡೆಯವರು ಖಂಡಿತ ನಿಂತುಬಿಡುತ್ತಾರೆ. ದುಡ್ಡಿನ ಲೆಕ್ಕ ಸ್ಪ್ಯಾನಿಷ್‌ನಲ್ಲಿ, ನಗು ಮಾತ್ರ ಕಕ್‌ಚಿಕೆಲ್ ಎಂಬ ತಮ್ಮ ಮಾಯಾ ಭಾಷೆಯಲ್ಲಿ. ನಾನು ಕಲಿಯಲು ಬಂದ ಭಾಷೆ ಅವರಿಗೂ ಹೊರಗಿನಿಂದ ಬಂದದ್ದೇ ಎಂಬುದು ನನಗೆ ಹೊಳೆದದ್ದು ಆ ಅಂಗಡಿಯ ಮುಂದೆ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿ ಆಮೇಲೆ ಗಿರಣಿಗೆ ಒಯ್ಯುತ್ತಾರೆ. ಟೊರ್ಟಿಯಾದ ಆ ಮಳೆಮಣ್ಣಿನಂಥ ಕಂಪು ಈ ಸುಣ್ಣದ್ದೇ. ಕಾಳಿನೊಳಗೆ ಬಿಗಿದುಕೊಂಡಿರುವ ನಯಾಸಿನ್ ಸತ್ವವನ್ನು ಬಿಡಿಸುವುದೂ ಸುಣ್ಣವೇ. ಮೆಕ್ಕೆಜೋಳ ಯುರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಇಲ್ಲೇ ಉಳಿಯಿತು. ಮೆಕ್ಕೆಜೋಳವನ್ನೇ ನೆಚ್ಚಿ ಉಂಡ ಅಲ್ಲಿನ ಬಡವರಿಗೆ ನಯಾಸಿನ್ ಕೊರತೆಯ ಪೆಲಾಗ್ರ ರೋಗ ಅಂಟಿಕೊಂಡಿತು.

ಒಂದು ಮಧ್ಯಾಹ್ನ ಮನೆಯೊಡತಿ ಪೆಪಿಯಾನ್ ಮಾಡಿದರು. ಹುರಿದ ಎಳ್ಳು, ಕುಂಬಳಬೀಜ, ಸುಟ್ಟ ಟೊಮೆಟೊ, ಒಣಮೆಣಸು ಅರೆದ ಗಟ್ಟಿ ಗೊಜ್ಜು. ಅದರಲ್ಲಿ ತೇಲುತ್ತಿದ್ದ ಹೋಳನ್ನು ಬಾಯಿಗಿಟ್ಟವನೇ ಕೂಗಿದೆ: ಸೀಮೆಬದನೆ! ಇಲ್ಲಿ ಅದು 'ಗ್ವಿಸ್ಕಿಲ್'. ನಾವು ಅದನ್ನು ಪರದೇಶದ ಬದನೆ ಅನ್ನುತ್ತೇವೆ, ನೆರೆಯ ತಮಿಳರು ಬೆಂಗಳೂರು ಬದನೆ ಅನ್ನುತ್ತಾರೆ ಎಂದು ಹರಕುಮುರುಕಾಗಿ ವಿವರಿಸಿದೆ. ತಮ್ಮ ನೆಲದಲ್ಲೇ ಹುಟ್ಟಿದ ಬಳ್ಳಿಗೆ ಇಷ್ಟೊಂದು ತವರೇ ಎಂದು ದೋಞಾ ಕಣ್ಣೊರೆಸಿಕೊಂಡು ನಕ್ಕರು.

ಊಟ ಮುಗಿದರೂ ಯಾರೂ ಏಳುವುದಿಲ್ಲ. ಈ ಹೊತ್ತಿಗೆ 'ಸೊಬ್ರೆಮೆಸಾ' ಎಂಬ ಹೆಸರೇ ಇದೆ. ತಟ್ಟೆ ಒಣಗುತ್ತದೆ, ಮಾತು ಹಸಿಯಾಗೇ ಇರುತ್ತದೆ. ನಮ್ಮಲ್ಲೂ ಕೈ ಒಣಗುವ ತನಕ ಎಲೆಯ ಮುಂದೆ ಹರಟುವುದುಂಟು. ಅದಕ್ಕೊಂದು ಹೆಸರಿಡದೆ ಹೋದೆವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ರಾತ್ರಿಯಾದರೆ ದೂರದಲ್ಲಿ ಫುಯೇಗೊ ಜ್ವಾಲಾಮುಖಿ ಗುಡುಗಿ ಕಿಟಕಿಯ ಗಾಜು ನಡುಗುತ್ತದೆ, ಕಥೆ ಮಾತ್ರ ನಿಲ್ಲುವುದಿಲ್ಲ. ಕೊನೆಗೆ ಏಳುವವನು 'ಮುಚಾಸ್ ಗ್ರಾಸಿಯಾಸ್' ಅನ್ನಬೇಕು. ಕೂತವರೆಲ್ಲ 'ಬುಯೆನ್ ಪ್ರೊವೆಚೊ', ಉಂಡದ್ದು ಮೈಗೆ ಹತ್ತಲಿ, ಎಂದು ಹರಸುತ್ತಾರೆ. ಮೊದಲ ರಾತ್ರಿ ಇದು ತಿಳಿಯದೆ ನಾನು ಸುಮ್ಮನೆ ಎದ್ದು ಹೋಗಿದ್ದೆ. ಬೆನ್ನ ಹಿಂದಿನ ಆ ಮೌನ ಈಗಲೂ ಚುಚ್ಚುತ್ತದೆ.

ದೋಞಾ ನನ್ನನ್ನು ಕೊನೆಯವರೆಗೂ 'ಉಸ್ತೆದ್' ಎಂದೇ ಗೌರವದಿಂದ ಮಾತಾಡಿಸಿದರು. 'ವೋಸ್' ಎಂಬ ಸಲಿಗೆ ಆರು ವರ್ಷದ ಮೊಮ್ಮಗನಿಗೆ ಮೀಸಲು. ನಾನು ಹೊರಡುವ ಹಿಂದಿನ ಸಂಜೆ ರೆಯೆನಿತೊ ಕರಿದಿಟ್ಟಿದ್ದರು: ಬೇಯಿಸಿ ಮಸೆದ ಬಾಳೆಹಣ್ಣಿನ ಕಣಕ, ಒಳಗೆ ಸಿಹಿ ಹಾಕಿದ ಕಪ್ಪು ಬೀನ್ಸ್ ಕಾಳಿನ ಹೂರಣ. ಚಹಾದ ಹೊತ್ತಿಗೆ ತಟ್ಟೆ ಖಾಲಿ. ಹುಡುಗ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, 'ಸೆ ಮೆ ಅಕಬಾರೊನ್' ಎಂದ. ನನ್ನ ಪಾಲಿಗೆ ತಾವಾಗಿಯೇ ಮುಗಿದುಹೋದವು. ವ್ಯಾಕರಣ ಅಚ್ಚುಕಟ್ಟಾಗಿತ್ತು. ಅಜ್ಜಿ ಅವನ ತುಟಿಯಂಚಿನ ಕಪ್ಪನ್ನು ಸೆರಗಿಲ್ಲದ ಅಂಗಿಯ ತುದಿಯಿಂದಲೇ ಒರೆಸಿ ಹೇಳಿದರು: 'ಮುಗಿದುಹೋಗಲಿಲ್ಲ. ನೀನೇ ತಿಂದೆ.'