ಸೋದೆ ಸೀಮೆಯ ಯತಿಚಿತ್ರಗಳು: ಲಾಂಛನ ಮತ್ತು ಮುಖ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಕಾನಸೂರಿನ ಸುತ್ತಿನ ಸೀಮೆಯಲ್ಲಿ, ಹಳೆಯ ಯತಿಗಳ ಚಿತ್ರಗಳ ಪೈಕಿ ಎದ್ದು ಕಾಣುವವು ಎರಡು: ಆದಿಶಂಕರರದು ಮತ್ತು ಸೋದೆಯ ವಾದಿರಾಜರದು. ಶಿರಸಿ ತಾಲೂಕಿನ ಸೋದೆಯ ಆಸುಪಾಸಿನಲ್ಲೇ ಶಂಕರ ಪರಂಪರೆಯ ಸ್ವರ್ಣವಲ್ಲೀ ಮಠ, ಮಾಧ್ವರ ವಾದಿರಾಜ ಮಠ, ಜೈನರ ಸ್ವಾದಿ ಮಠ ಮೂರೂ ಇರುವುದರಿಂದ ಸನ್ಯಾಸಿಯ ರೂಪವನ್ನು ಬರೆಯುವ ಮೂರು ಕ್ರಮಗಳು ಇಲ್ಲಿ ಅಕ್ಕಪಕ್ಕದಲ್ಲಿ ಸಿಗುತ್ತವೆ. ಎಂಟನೆಯ ಶತಮಾನದವರೆಂದು ಹೇಳಲಾಗುವ ಶಂಕರರನ್ನು ಕಂಡು ಬರೆದ ಚಿತ್ರ ಯಾವುದೂ ಇಲ್ಲ. ವಾದಿರಾಜರ ಪ್ರಚಲಿತ ಚಿತ್ರವೂ ಮುಖದ ಹೋಲಿಕೆಯನ್ನು ನಂಬಿ ನಿಂತದ್ದಲ್ಲ. ಗುರುತು ಹಿಡಿಸುವ ಕೆಲಸವನ್ನೆಲ್ಲ ಲಾಂಛನಗಳೇ ಮಾಡುತ್ತವೆ.

ಶಂಕರರಿಗೆ ಹಣೆಯ ಮೇಲೆ ಅಡ್ಡ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಹೆಬ್ಬೆರಳು ತೋರುಬೆರಳು ಕೂಡಿದ ಚಿನ್ಮುದ್ರೆ, ಪಕ್ಕದಲ್ಲಿ ದಂಡ. ಮಾಧ್ವ ಯತಿಗಾದರೆ ಹಣೆಯ ನಡುವೆ ಅಂಗಾರದ ನೇರ ಗೆರೆ, ಅದರ ಕೆಳಗೆ ಅಕ್ಷತೆ, ಮೈಮೇಲೆ ಗೋಪೀಚಂದನದ ಶಂಖಚಕ್ರ ಮುದ್ರೆಗಳು, ಕೊರಳಲ್ಲಿ ತುಳಸಿಮಣಿ. ಮಧ್ವಾಚಾರ್ಯರ ಚಿತ್ರದಲ್ಲಿ ಎತ್ತಿದ ಬಲಗೈಯ ಎರಡು ಬೆರಳು ನೆಟ್ಟಗಿರುತ್ತವೆ. ಜೈನ ಮುನಿಯ ರೂಪ ಇವೆರಡಕ್ಕಿಂತ ಹಳೆಯ ಶಿಲ್ಪದಲ್ಲೇ ನೆಲೆಗೊಂಡಿದೆ: ಸತ್ತವರ ನೆನಪಿಗೆ ನಿಲ್ಲಿಸಿದ ಕರ್ನಾಟಕದ ನಿಸಿಧಿಗಲ್ಲುಗಳಲ್ಲಿ ಮುನಿ ಪದ್ಮಾಸನದಲ್ಲಿ ಕೂತಿರುತ್ತಾನೆ, ಎದುರಿಗೆ ಗ್ರಂಥವಿಡುವ ಪೀಠ, ಬದಿಯಲ್ಲಿ ನವಿಲುಗರಿಯ ಪಿಂಛ ಮತ್ತು ಕಮಂಡಲು, ಆಚೆ ಕೇಳುತ್ತ ಕುಳಿತ ಶಿಷ್ಯ. ಕಣ್ಣುಮೂಗು ಸವೆದುಹೋದ ಕಲ್ಲಿನಲ್ಲೂ ಇದು ಪಾಠ ನಡೆಯುತ್ತಿರುವ ದೃಶ್ಯವೆಂದು ತಿಳಿಯುತ್ತದೆ. ಮುಖವನ್ನು ನೆಚ್ಚದೆ ಮನುಷ್ಯನ ಕಾಯಕವನ್ನು ಹೇಳುವ ಈ ಶಕ್ತಿ ಮುಂದಿನ ಯತಿಚಿತ್ರಗಳಿಗೆ ಪೂರ್ತಿಯಾಗಿ ಒದಗಲಿಲ್ಲ.

ಸರಳ ಗೆರೆಗೆ ಈ ಸೀಮೆಯಲ್ಲಿ ತನ್ನದೇ ಆದ ಶಾಲೆಯಿತ್ತು. ಕಾವಿ ಕಲೆಯಲ್ಲಿ ಗೋಡೆಗೆ ಸುಣ್ಣದ ಗಾರೆ ಹಚ್ಚಿ, ಅದರ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿಯಿರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತರುತ್ತಾರೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳು ಇದಕ್ಕೆ ಹೆಸರಾದವು. ಎರಡೇ ಬಣ್ಣ, ನೆರಳಿಲ್ಲ, ಮೈದುಂಬಿಸುವ ಛಾಯೆಯಿಲ್ಲ. ತಪ್ಪಿದ ಗೆರೆಯನ್ನು ಅಳಿಸುವುದೂ ಸುಲಭವಲ್ಲ. ಹಾಗಾಗಿ ಭುಜದ ತಿರುವು, ಮಡಚಿದ ಮಂಡಿಯ ಅಳತೆ, ಬೆರಳುಗಳ ನಿಲುವು ಮೊದಲೇ ನಿಶ್ಚಯವಾಗಿರಬೇಕು. ಕಾವಿಯ ಬಟ್ಟೆ ತೊಟ್ಟವನನ್ನು ಕಾವಿಯ ಮಣ್ಣಿನಲ್ಲೇ ಬರೆಯುವ ಈ ವಿಧಾನ ಯತಿಯ ಭಾವಚಿತ್ರಕ್ಕೆ ಎಷ್ಟು ಹೊಂದುತ್ತಿತ್ತು! ಆದರೆ ಕಾವಿ ಕಲೆಗಾರರ ಒಲವು ಹೆಚ್ಚಾಗಿ ದೇವತೆಗಳು, ಪುರಾಣದೃಶ್ಯಗಳು ಮತ್ತು ಬಳ್ಳಿಗಳ ಕಡೆಗೇ ಹರಿಯಿತು.

ಮನೆಗಳ ಗೋಡೆ ಮುದ್ರಿತ ಚಿತ್ರಕ್ಕೆ ಸಂದಿತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ದೇವರ ಪಟ ಬಡವರ ಮನೆಗೂ ಬಂತು. ಶಿಷ್ಯರ ನಡುವೆ ಕುಳಿತ ಅವನ ಶಂಕರರೇ ಇಂದಿನ ಹೆಚ್ಚಿನ ಶಂಕರಚಿತ್ರಗಳ ಮೂಲ. ಅದರ ಸಾಧನೆ ದೊಡ್ಡದು: ಯತಿ ಒಬ್ಬಂಟಿ ಮೂರ್ತಿಯಾಗದೆ ಗುರುವಾಗಿ ಕಾಣುತ್ತಾನೆ. ನಷ್ಟವಾದದ್ದು ಆಮೇಲಿನ ನಕಲುಗಳಲ್ಲಿ. ಕ್ಯಾಲೆಂಡರ್ ಚಿತ್ರಕಾರರು ಶಿಷ್ಯರನ್ನು ಬಿಟ್ಟರು, ಗ್ರಂಥವನ್ನು ಬಿಟ್ಟರು, ತಲೆಯ ಹಿಂದೆ ಪ್ರಭಾವಳಿ ಸೇರಿಸಿ ಕೆನ್ನೆಗೆ ಗುಲಾಬಿ ಬಣ್ಣ ಬಳಿದರು. ಶಂಕರ, ಮಧ್ವ, ರಾಘವೇಂದ್ರ ಮೂವರಿಗೂ ಒಂದೇ ನುಣುಪು ಮುಖ ಬಂತು.

ವಾದಿರಾಜರ ಚಿತ್ರದಲ್ಲಿ ಈ ಕೊರತೆ ಇನ್ನೂ ಸ್ಪಷ್ಟ. ಕುಂಭಾಶಿಯ ಬಳಿಯ ಹೂವಿನಕೆರೆಯಲ್ಲಿ 1480ರಲ್ಲಿ ಹುಟ್ಟಿ 1600ರಲ್ಲಿ ಸೋದೆಯಲ್ಲಿ ವೃಂದಾವನ ಪ್ರವೇಶ ಮಾಡಿದರೆಂಬುದು ಸಂಪ್ರದಾಯದ ಲೆಕ್ಕ; ಅಂದರೆ 120 ವರ್ಷದ ಆಯುಷ್ಯ. ತೀರ್ಥಕ್ಷೇತ್ರಗಳನ್ನು ಸುತ್ತಿ ‘ತೀರ್ಥಪ್ರಬಂಧ’ ಬರೆದವರು, ‘ಯುಕ್ತಿಮಲ್ಲಿಕಾ’ದ ವಾದಪಟು, ಹೆಣ್ಣುಮಕ್ಕಳ ಬಾಯಲ್ಲಿ ನಿಂತ ‘ಲಕ್ಷ್ಮೀಶೋಭಾನೆ’ಯ ಕವಿ, ಉಡುಪಿಯ ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಕ್ಕೆ ವಿಸ್ತರಿಸಿದವರು. ಪಟದಲ್ಲಿ ಇದಾವುದರ ಸುಳಿವೂ ಇಲ್ಲ. 32ಕ್ಕೇ ದೇಹ ಬಿಟ್ಟರೆನ್ನುವ ಶಂಕರರನ್ನು ತರುಣರಾಗಿ ಬರೆಯುವುದು ಸರಿ. ಶತಾಯುಷಿ ವಾದಿರಾಜರಿಗೂ ಸುಕ್ಕಿಲ್ಲದ ಮುಖ ಕೊಡುವುದು ಅವರ ಬಾಳನ್ನೇ ಮರೆತಂತೆ. ಸೋದೆಯಲ್ಲಿ ಪೂಜೆ ಸಲ್ಲುವುದು ಶಿಲೆಯ ವೃಂದಾವನಕ್ಕೆ, ಅದಕ್ಕೆ ಮುಖವಿಲ್ಲ. ಆದ್ದರಿಂದ ಮುಖ ಕೊಡುವ ಹೊಣೆ ಇಡಿಯಾಗಿ ಚಿತ್ರಕಾರನ ಮೇಲೇ ಬೀಳುತ್ತದೆ.

ಆದರೂ ಇದೇ ಪಟದಲ್ಲಿ ಈ ಪರಂಪರೆಯ ಅತ್ಯುತ್ತಮ ಕಲ್ಪನೆಯೊಂದಿದೆ. ಬೇಯಿಸಿದ ಕಡಲೆ, ಬೆಲ್ಲ, ಕಾಯಿತುರಿ ಕೂಡಿಸಿದ ಹಯಗ್ರೀವ ನೈವೇದ್ಯವನ್ನು ವಾದಿರಾಜರು ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹಿಡಿಯುತ್ತಿದ್ದರು, ದೇವರು ಬಿಳಿಯ ಕುದುರೆಯಾಗಿ ಹಿಂದಿನಿಂದ ಬಂದು, ಮುಂಗಾಲುಗಳನ್ನು ಅವರ ಹೆಗಲ ಮೇಲಿಟ್ಟು ತಿನ್ನುತ್ತಿದ್ದನು ಎನ್ನುತ್ತದೆ ಐತಿಹ್ಯ. ಯತಿಗೆ ಕುದುರೆ ಕಾಣದು, ನೋಡುವವರಿಗೆ ಕಾಣುತ್ತದೆ. ಭಕ್ತಿಯ ಇಷ್ಟು ಗಾಢವಾದ ಸ್ಥಿತಿಯನ್ನು ಮುಖಭಾವದ ಹಂಗಿಲ್ಲದೆ ಬರೀ ಸಂಯೋಜನೆಯಿಂದಲೇ ಹೇಳುವ ಭಾವಚಿತ್ರಗಳು ಕನ್ನಡ ನಾಡಿನಲ್ಲಿ ವಿರಳ.

ಇದನ್ನು ಸರಳವಾಗಿ ಬರೆಯುವಾಗ ಮೊದಲು ನಿಶ್ಚಯಿಸಬೇಕಾದದ್ದು ತಟ್ಟೆಯ ಜಾಗ. ಶಿಲ್ಪಶಾಸ್ತ್ರದ ತಾಳಮಾನದಲ್ಲಿ ಮುಖದ ಉದ್ದವೇ ಅಳತೆಯ ಏಕಮಾನ. ಕುಳಿತ ಯತಿಯ ಮಂಡಿಯಿಂದ ಮಂಡಿಗೆ ತಳದ ಗೆರೆ ಎಳೆದು, ತ್ರಿಕೋನದ ಶಿಖರದಲ್ಲಿ ತಲೆ ಇಟ್ಟು, ಎತ್ತಿದ ಎರಡು ಕೈಗಳ ನಡುವೆ ತಟ್ಟೆ ಕೂರಿಸಿದರೆ ಕುದುರೆಯ ಬಾಗಿದ ಕೊರಳು ತಾನಾಗಿ ಜಾಗ ಕಂಡುಕೊಳ್ಳುತ್ತದೆ. ಗೊರಸು ಹೆಗಲನ್ನು ಮುಟ್ಟುವಷ್ಟೇ ಇರಬೇಕು, ಅದುಮಬಾರದು. ಅಚ್ಚಿನ ಪಟಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ. ನಾಮ ಮತ್ತು ಮುದ್ರೆಗಳು ಕೊನೆಗೆ ಬರಲಿ. ಅವುಗಳಿಗೂ ಮೊದಲು ಕತ್ತಿನ ನರ, ಒಳಸೇರಿದ ಕೆನ್ನೆ, ಎತ್ತಿ ಹಿಡಿದ ತೋಳಿನ ಸಡಿಲ ಚರ್ಮ ಇವನ್ನು ನಾಲ್ಕೇ ಗೆರೆಗಳಲ್ಲಿ ತೋರಿಸಿದರೂ ತಟ್ಟೆ ಹಿಡಿದವರು ಮುಪ್ಪಿನ ವಾದಿರಾಜರೇ ಆಗುತ್ತಾರೆ.