ಹಿಮ ಕಾಣದ ನಾಯಿಗಳ ಪರವಾಗಿ

ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ 2022ರ ಜೂನ್‌ನಲ್ಲಿ ತೆರೆಕಂಡಾಗ ವಿಮರ್ಶೆಯ ಕೆಲಸವನ್ನು ಕರವಸ್ತ್ರಗಳೇ ಮುಗಿಸಿಬಿಟ್ಟವು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅತ್ತದ್ದು ಸುದ್ದಿಯಾಯಿತು. ಅವರ ಕಣ್ಣೀರಿನ ಮೇಲೆ ನನ್ನ ತಕರಾರಿಲ್ಲ, ಹಿಂದಿನ ವರ್ಷವಷ್ಟೇ ಮನೆಯ ನಾಯಿಯನ್ನು ಕಳೆದುಕೊಂಡಿದ್ದವರು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ತಕರಾರಿರುವುದು ಒಂದೇ ಮಾತಿನ ಮೇಲೆ: ಕ್ಯಾನ್ಸರ್ ಬಂದ ನಾಯಿಯ ಜತೆ ಬದುಕುವುದು ಹೇಗೆಂದು ಈ ಚಿತ್ರ ತೋರಿಸಿದೆಯಂತೆ. ತೋರಿಸಿಲ್ಲ.

ಎರಡನೇ ಸಲ ಅದನ್ನು ನೋಡಿದ್ದು ಕಂಬಂನಲ್ಲಿ, ಸೋದರತ್ತೆಯ ಮನೆಯಲ್ಲಿ. ತೇನಿ ಜಿಲ್ಲೆಯ ಈ ಕಣಿವೆಯ ಕಪ್ಪಿಲಿಯರು ಬೀದಿಗಿಳಿದರೆ ತಮಿಳರು, ಹೊಸಿಲು ದಾಟಿ ಒಳಬಂದರೆ ಕನ್ನಡಿಗರು. ತಮಿಳು ಡಬ್ಬಿಂಗ್ ಇದ್ದರೂ ಅತ್ತೆ ಕನ್ನಡದ್ದನ್ನೇ ಹಾಕಿಸಿಕೊಂಡರು, ಅರ್ಧ ಮಾತು ಅರ್ಥವಾಗಲಿಲ್ಲ. ಅವರ ಕಾಲಬುಡದಲ್ಲಿ ಮಲಗಿತ್ತು ಹತ್ತು ವರ್ಷದ ಹೆಣ್ಣು ಕೊಂಬೈ ನಾಯಿ. ಇದೇ ಜಿಲ್ಲೆಯ ಕೊಂಬೈ ಊರಿನ ತಳಿ: ಕೆಂಗಂದು ಮೈ, ಕಪ್ಪು ಮೂತಿ. ಮೊಲೆಯ ಗಡ್ಡೆಯನ್ನು ಕೊಯ್ದು ತೆಗೆದ ಮೇಲೂ ರೋಗ ಶ್ವಾಸಕೋಶಕ್ಕೆ ಹಬ್ಬಿತ್ತು. ಮೂರು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಡ್ರಿಪ್ಪು, ಆಮೇಲೆ ಎರಡು ದಿನ ಊಟ ಮುಟ್ಟದೆ ಮೂಲೆ ಹಿಡಿಯುವುದು. ಅತ್ತೆ ಮಾತ್ರೆಯನ್ನು ಇಡ್ಲಿಯೊಳಗೆ ಹುದುಗಿಸಿ ಕೊಡುತ್ತಿದ್ದರು. ನಾಯಿ ಇಡ್ಲಿಯನ್ನು ಪೂರ್ತಿ ತಿಂದು, ಮಾತ್ರೆಯನ್ನು ನೆಕ್ಕಿ ಸ್ವಚ್ಛ ಮಾಡಿ ನೆಲದ ಮೇಲಿಡುತ್ತಿತ್ತು. ರಾತ್ರಿ ಅದು ನಿದ್ದೆ ಹೋದ ಮೇಲೆ ಗಡಿಯಾರ ನೋಡುತ್ತ ಉಸಿರೆಣಿಸುವುದು ಅವರ ಕೊನೆಯ ಕೆಲಸ. ನಿಮಿಷಕ್ಕೆ ಮೂವತ್ತು ದಾಟಿದರೆ ಫೋನ್ ಮಾಡಿ ಎಂದಿದ್ದರು ಡಾಕ್ಟರು. ಹರಿದ ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲೆಲ್ಲ ಇಪ್ಪತ್ತೆರಡು, ಇಪ್ಪತ್ನಾಲ್ಕು, ಇಪ್ಪತ್ತಾರು.

ಚಿತ್ರದ ನಾಯಕ ಧರ್ಮನ ಬದುಕಿನಲ್ಲೂ ಇಡ್ಲಿಯಿದೆ. ಒಂಟಿ ಕೋಪಿಷ್ಠನೊಬ್ಬನ ದಿನಚರಿಯೊಳಗೆ ನಾಯಿ ನುಗ್ಗುವ ಮೊದಲರ್ಧ ನಿಜಕ್ಕೂ ಚೆಂದ, ರಕ್ಷಿತ್ ಶೆಟ್ಟಿಗಿಂತ ಆ ಲ್ಯಾಬ್ರಡಾರ್ ಒಂದು ತೂಕ ಹೆಚ್ಚೇ ನಟಿಸಿದೆ. ಆದರೆ ರೋಗ ಗೊತ್ತಾದ ಗಳಿಗೆಯಿಂದ ಚಿತ್ರ ಮನೆ ಬಿಟ್ಟು ಓಡುತ್ತದೆ. ಟಿವಿಯ ಹಿಮ ಕಂಡು ಚಾರ್ಲಿ ಕುಣಿದಿದ್ದಳಲ್ಲ, ಸರಿ, ಸೈಡ್‌ಕಾರ್ ಕಟ್ಟಿದ ಬೈಕಿನಲ್ಲಿ ಹಿಮಾಲಯದತ್ತ ಸವಾರಿ. ಅವಳಿಗೆ ಬಂದದ್ದು ರಕ್ತನಾಳದ ಕ್ಯಾನ್ಸರ್. ಗಡ್ಡೆ ಕೂತ ಗುಲ್ಮವನ್ನೇ ತೆಗೆದು ಕೀಮೋ ಕೊಟ್ಟರೂ ಸಾಮಾನ್ಯವಾಗಿ ಸಿಗುವುದು ಕೆಲವು ತಿಂಗಳು, ಹಾಗಾಗಿ ಚಿತ್ರದ ಹತಾಶೆ ಸುಳ್ಳಲ್ಲ. ಆದರೆ ಈ ರೋಗದ ಕ್ರೌರ್ಯ ಬೇರೆಯೇ ಇದೆ. ಒಳಗೆ ಗಡ್ಡೆ ಸ್ವಲ್ಪ ಒಡೆದು ರಕ್ತ ಸೋರುತ್ತದೆ, ಒಸಡು ಬಿಳಿಚಿ ನಾಯಿ ಕುಸಿಯುತ್ತದೆ. ಸೋರಿದ ರಕ್ತವನ್ನು ಮೈ ಮತ್ತೆ ಹೀರಿಕೊಂಡರೆ ಮರುದಿನ ಎದ್ದು ಬಾಲ ಆಡಿಸುತ್ತದೆ. ನಿನ್ನೆ ಕಂಡದ್ದು ಭ್ರಮೆಯೇನೋ ಎಂದು ಸಾಕಿದವರು ನಂಬುತ್ತಾರೆ. ಮತ್ತೆ ಕುಸಿತ. ಇಡೀ ನಾಟಕ ಇರುವುದು ಈ ಏರಿಳಿತದಲ್ಲಿ, ಚಾಪೆಯಷ್ಟು ಜಾಗದಲ್ಲಿ. ಚಿತ್ರ ಅದನ್ನು ರಸ್ತೆಗೆ, ಹಾಡಿಗೆ, ದಾರಿಯಲ್ಲಿ ಸಿಗುವ ಒಳ್ಳೆಯವರಿಗೆ ಹಂಚಿಬಿಟ್ಟಿತು.

ದ್ವಿತೀಯಾರ್ಧ ಉದ್ದವಾಯಿತೆಂದು ಗೊಣಗಿದ ವಿಮರ್ಶಕರನ್ನೂ ನಾನು ಒಪ್ಪಲಾರೆ. ಉದ್ದವಾದದ್ದು ಪ್ರಯಾಣ, ರೋಗಕ್ಕೆ ಸಿಕ್ಕ ಸಮಯ ತೀರ ಗಿಡ್ಡ. ಇನ್ನು ಕೆಲವರು, ಇದು ರೋಗದ ಚಿತ್ರವಲ್ಲ, ಪ್ರೀತಿಯ ಚಿತ್ರ ಎಂದರು. ಹಾಗಿದ್ದರೆ ಕ್ಯಾನ್ಸರ್ ಯಾಕೆ ಬೇಕಿತ್ತು? ಒಂದು ಲಾರಿ ಸಾಕಿತ್ತಲ್ಲ. ಕ್ಯಾನ್ಸರ್ ಎಂದರೆಲ್ಲ ಸಾವೂ ಅಲ್ಲ: ಬೀದಿನಾಯಿಗಳಲ್ಲಿ ಕೂಡುವಾಗ ಅಂಟುವ ಗಡ್ಡೆಯೊಂದಿದೆ, ವಾರಕ್ಕೊಂದರಂತೆ ಕೆಲವು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ನಿಗೆ ಬಹುಪಾಲು ಕರಗಿಹೋಗುತ್ತದೆ. ಆದರೆ ಚಾರ್ಲಿಯನ್ನು ನೋಡಿ ಬಂದವನ ತಲೆಯಲ್ಲಿ ನಾಯಿಗೆ ಕ್ಯಾನ್ಸರ್ ಎಂದರೆ ಎರಡೇ ದಾರಿ: ಹಿಮ, ಸಾವು.

ಹೆಚ್ಚು ಸಿಟ್ಟು ಬರುವುದು ‘ಸಂದೇಶ’ವನ್ನು ಹೊಗಳುವವರ ಮೇಲೆ. ದುಡ್ಡಿನಾಸೆಗೆ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸಿದ್ದರಿಂದ ಈ ರೋಗ ಎನ್ನುತ್ತದೆ ಚಿತ್ರ. ಕೊನೆಗೆ ಧರ್ಮನ ಕೈಗೆ ಸಮಾಧಾನದ ಬಹುಮಾನವಾಗಿ ಇಡುವುದೇನನ್ನು? ಅದೇ ರೋಗಿಷ್ಠ ತಾಯಿಯ ಮರಿಯನ್ನು! ಎರಡು ತಿಂಗಳ ಗರ್ಭ, ಒಳಗೆ ಒಡೆಯುವ ಗಡ್ಡೆ, ಮೇಲೆ ಸೈಡ್‌ಕಾರಿನ ಕುಲುಕಾಟ. ಆ ಮರಿಯ ರಕ್ತದಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ, ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಅಷ್ಟೇ ಅಲ್ಲ, ಚಾರ್ಲಿ ತಾನಾಗಿಯೇ ಸಾಯುತ್ತಾಳೆ. ಧರ್ಮ ಏನನ್ನೂ ನಿರ್ಧರಿಸಬೇಕಾಗಿಲ್ಲ. ನರಳುವ ಪ್ರಾಣಿಗೆ ಮುಕ್ತಿ ಕೊಡಲು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ ಅವಕಾಶವಿದೆ. ‘ಇಂಜೆಕ್ಷನ್ ಕೊಟ್ಟುಬಿಡೋಣವಾ?’ ಎಂದು ಡಾಕ್ಟರು ಕೇಳಿದಾಗ ಹೂಂ ಅನ್ನಬೇಕಾದದ್ದು ಅನ್ನ ಹಾಕಿದ ಬಾಯಿಯೇ. ಆ ಒಂದು ‘ಹೂಂ’ ಬರೆಯುವ ಧೈರ್ಯ ಚಿತ್ರಕಥೆಗೆ ಇರಲಿಲ್ಲ, ಹಿಮ ಸುರಿಸಿ ಪಾರಾಯಿತು.

ಚಾರ್ಲಿ ಕಣ್ಣು ಮುಚ್ಚುವಾಗ ಅತ್ತೆ ಪರದೆಯ ಕಡೆ ನೋಡುತ್ತಿರಲಿಲ್ಲ. ಕೊಂಬೈಯ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು, ಗೋಡೆ ಗಡಿಯಾರದತ್ತ ಕತ್ತೆತ್ತಿ ಕೂತಿದ್ದರು. ಸೌಂಡು ಕಡಿಮೆ ಮಾಡು ಎಂದು ಕೈಸನ್ನೆ ಮಾಡಿದರು. ಮಾಡಿದೆ. ಮುಳ್ಳು ಒಂದು ಸುತ್ತು ಬಂತು. ಕ್ಯಾಲೆಂಡರ್ ಹಾಳೆ ತಿರುವಿ ಬರೆದರು: ಮೂವತ್ತೆರಡು.